ಆಮೇಲಕ್ಕನೂ ಡ್ರೈವರನ ಜ್ವರವೂ

ವ್ಯಸನಮುಕ್ತಿ ಕೇಂದ್ರದ ಬಾಗಿಲ ಮೇಲೆ ಅವಳ ಹುದ್ದೆಯನ್ನು 'ಆಪ್ತ ಸಮಾಲೋಚಕಿ' ಎಂದು ಬರೆಸಿದ್ದಾರೆ. ಅಲ್ಲಿಗೆ ಬರುವವರಲ್ಲಿ ಅರ್ಧ ಜನಕ್ಕೆ ಅದನ್ನು ಓದುವಷ್ಟು ತಾಳ್ಮೆಯಿಲ್ಲ, ಉಳಿದವರಿಗೆ ಓದಿದರೂ ತಲೆಬುಡ ತಿಳಿಯುವುದಿಲ್ಲ. ಅವರೆಲ್ಲ ಅವಳನ್ನು ಆಮೇಲಕ್ಕ ಎನ್ನುತ್ತಾರೆ. ಎದುರಿಗೆ ಕೂತವನು ಅಳಲಿ, ಬೈಯಲಿ, ಕೊಚ್ಚಿಕೊಳ್ಳಲಿ, ಎಲ್ಲವನ್ನೂ ಕೇಳಿಸಿಕೊಂಡು ಅವಳು ಹೇಳುವುದು ಒಂದೇ ಮಾತು: "ಆಮೇಲೆ?"

ಯಾಕೆ ಕುಡಿಯುತ್ತೀರಿ ಎಂದು ಅವಳು ಕೇಳುವುದಿಲ್ಲ. ಯಾಕೆ ಎಂದ ಕೂಡಲೇ ಮನುಷ್ಯ ಕಾರಣ ಹುಡುಕತೊಡಗುತ್ತಾನೆ, ಕಾರಣಗಳಿಗೆ ಯಾವ ಕಾಲದಲ್ಲೂ ಬರವಿಲ್ಲ. ಮೇಲಧಿಕಾರಿ ಸರಿಯಿಲ್ಲ, ಹೆಂಡತಿಯ ಬಾಯಿ ಸರಿಯಿಲ್ಲ, ಬೆನ್ನುನೋವು. ಆಮೇಲೆ ಎಂದರೆ ಹಾಗಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಬೇಕಾಗುತ್ತದೆ. ಹೇಳುತ್ತಾ ಹೇಳುತ್ತಾ ಎಷ್ಟೋ ಜನ ತಮ್ಮ ಬದುಕಿನ ಕಥೆಯನ್ನು ಮೊದಲ ಬಾರಿಗೆ ತಾವೇ ಕೇಳಿಸಿಕೊಳ್ಳುತ್ತಾರೆ.

ಕೇಂದ್ರವಿರುವುದು ಒಂದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗಲೇ ರಬ್ಬರಿನ ವಾಸನೆ ಹತ್ತುತ್ತದೆ. ಅವಳ ಕೋಣೆಯಲ್ಲಿ ಮೂರು ಕುರ್ಚಿ, ಕೀಲಿ ಹಾಕಿದ ಒಂದು ಕಪಾಟು, ಬಂದವರ ಬೆನ್ನ ಹಿಂದಿನ ಗೋಡೆಗೆ ಒಂದು ಗಡಿಯಾರ. ಹೊತ್ತು ಅವಳಿಗೆ ಕಾಣಬೇಕು, ಮಾತಾಡುವವರಿಗೆ ಕಾಣಬಾರದು. ಮೇಜು ಇಲ್ಲ. ಮೇಜು ಇದ್ದರೆ ಅದರಾಚೆ ಕೂತವರು ಆರೋಪಿಗಳಾಗಿಬಿಡುತ್ತಾರೆ ಎನ್ನುತ್ತಾಳೆ.

ಹೊಸಬರು ಬಂದರೆ ಅವಳ ಮೊದಲ ಪ್ರಶ್ನೆ, ಕೊನೆಯ ಸಲ ಕುಡಿದದ್ದು ಯಾವಾಗ ಎಂಬುದು. ಇದು ಕುತೂಹಲಕ್ಕೆ ಕೇಳುವುದಲ್ಲ. ವರ್ಷಗಟ್ಟಲೆ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಕೈಕಾಲು ನಡುಗಿ, ಇಲ್ಲದ್ದು ಕಂಡು, ಫಿಟ್ಸ್ ಬಂದು ಸಾಯಲೂಬಹುದು. ಹಾಗಾಗಿ ಮಾತಿಗೆ ಮೊದಲು ವೈದ್ಯರು, ವಾರ್ಡು, ಔಷಧಿ. ದೇಹ ಒಂದು ಹದಕ್ಕೆ ಬಂದ ಮೇಲೆ ಅವಳ ಸರದಿ. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತು, ವಾರಕ್ಕೊಮ್ಮೆ ಗುಂಪು, ಮನೆಯವರಿಗೆ ಬೇರೆ ದಿನ. ವಾರ್ಡು ಬಿಟ್ಟುಹೋದವರಿಗೆ ಫೋನು. ಆ ಫೋನನ್ನು ಎತ್ತದಿರುವವರೇ ಹೆಚ್ಚು. ಅವಳು ಮತ್ತೆ ಮಾಡುತ್ತಾಳೆ.

ನಿಮ್ಮ ಮನೆಯಲ್ಲಿ ಯಾರಾದರೂ ಕುಡಿಯುತ್ತಿದ್ದರಾ ಎಂದು ಅವಳನ್ನು ಎಲ್ಲರೂ ಕೇಳುತ್ತಾರೆ. ಇಂಥ ಕೆಲಸಕ್ಕೆ ಒಂದು ಗಾಯದ ಹಿನ್ನೆಲೆ ಇರಲೇಬೇಕೆಂದು ಜನರ ನಂಬಿಕೆ. ಅವಳ ಅಪ್ಪ ಕುಡಿದದ್ದು ಕಾಫಿ ಮಾತ್ರ, ಅದನ್ನು ಮಿತಿಮೀರಿ ಕುಡಿದು ಊರವರ ತಲೆ ತಿನ್ನುತ್ತಿದ್ದನಂತೆ. "ಕೆಲಸ ಖಾಲಿ ಇತ್ತು, ಅರ್ಜಿ ಹಾಕಿದೆ," ಎನ್ನುತ್ತಾಳೆ. ಗಂಡ ಎಲೆಕ್ಟ್ರಿಷಿಯನ್. "ಇಬ್ಬರದ್ದೂ ಒಂದೇ ಕೆಲಸ ಕಣ್ರೀ, ಎಲ್ಲಿ ಸೋರ್ತಿದೆ ಅಂತ ಹುಡುಕೋದು. ನನಗೆ ಶಾಕ್ ಹೊಡೆದ್ರೆ ಗೊತ್ತಾಗುತ್ತೆ, ಇವಳಿಗೆ ಗೊತ್ತಾಗಲ್ಲ," ಎಂದು ಬಂದವರಿಗೆಲ್ಲ ಹೇಳುತ್ತಾನೆ. ಮಗಳಂತೂ ಮನೆಯೊಳಗೆ 'ಆಮೇಲೆ' ಎಂಬ ಶಬ್ದವನ್ನೇ ನಿಷೇಧಿಸಿದ್ದಾಳೆ. "ಅಮ್ಮಾ, ನಾನು ನಿನ್ನ ಪೇಷಂಟ್ ಅಲ್ಲ."

ನಾನು ಹೇಳಹೊರಟಿರುವುದು ಒಬ್ಬ ಬಸ್ ಡ್ರೈವರನ ವಿಷಯದಲ್ಲಿ ಅವಳು ಮಾಡಿದ ಕೆಲಸವನ್ನು. ಅವಳು ಇದರ ಬಗ್ಗೆ ಒಂದಕ್ಷರ ಬಾಯಿಬಿಟ್ಟವಳಲ್ಲ, ಬಿಡುವವಳೂ ಅಲ್ಲ. ಹೇಳಿದವರು ಡ್ರೈವರ್ ಮತ್ತು ಅವನ ಹೆಂಡತಿ. ಬರೆದದ್ದನ್ನು ಇಬ್ಬರಿಗೂ ಓದಿ ಹೇಳಿದ್ದೇನೆ. ಹೆಂಡತಿ ಒಂದು ಕಡೆ ತಿದ್ದಿಸಿದಳು. ತಿದ್ದಿಸಿದ್ದು ಸರಿಯಾಗಿಯೇ ಇತ್ತು.

ಡ್ರೈವರ್ ಊರಿನ ಬಸ್ಸು ಓಡಿಸುವವನು. ಮುಂಜಾನೆಯ ಮೊದಲ ಬಸ್ಸು ಅವನದು. ಆಸ್ಪತ್ರೆಯ ದಾದಿಯರು, ಮಾರುಕಟ್ಟೆಗೆ ಹೋಗುವವರು, ಕಸ ಗುಡಿಸುವವರು ಅದರಲ್ಲಿ ಅರೆನಿದ್ದೆಯಲ್ಲಿ ಕೂತಿರುತ್ತಾರೆ. ಕೆಲಸಕ್ಕೆ ಹೋದ ದಿನ ಅವನು ಕುಡಿದು ಹೋಗುತ್ತಿರಲಿಲ್ಲ. ಕುಡಿದ ಮರುದಿನ ಕೆಲಸಕ್ಕೇ ಹೋಗುತ್ತಿರಲಿಲ್ಲ. ಅಂಥ ದಿನಗಳು ಹೆಚ್ಚಾಗುತ್ತಾ ಬಂದವು. ಡಿಪೋಗೆ ಉತ್ತರ ಕೊಡುವ ಹೊಣೆ ಹೆಂಡತಿಯದಾಯಿತು.

ಅವಳು ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುವವಳು. ಹಾಗಾಗಿ ಅವಳ ಸುಳ್ಳುಗಳಿಗೆ ಒಂದು ಶಾಸ್ತ್ರೀಯತೆ ಇತ್ತು. ವಾಂತಿಭೇದಿ ಎಂದರೆ ಎಷ್ಟು ದಿನ, ಕಣ್ಣುಬೇನೆ ಎಂದರೆ ಎಷ್ಟು, ಬರೀ ಜ್ವರಕ್ಕೆ ಎಷ್ಟು ಎಂಬ ಲೆಕ್ಕ ಬಾಯಿಪಾಠ. ಒಂದು ಕಾಯಿಲೆ ಹೇಳಿದ ಮೇಲೆ ಅದೇ ತಿಂಗಳಲ್ಲಿ ಅದನ್ನು ಮತ್ತೆ ಹೇಳುತ್ತಿರಲಿಲ್ಲ. ಕಾಯಿಲೆಗಳು ಮುಗಿದಾಗ ಸಾವುಗಳಿಗೆ ಕೈಹಾಕಿದಳು. ಈ ಭಾಗವನ್ನು ಬಯಲು ಮಾಡಿದವಳು ಅತ್ತೆ, ಅಂದರೆ ಡ್ರೈವರನ ತಾಯಿ, ಮನೆಯವರ ದಿನದಂದು ಆಮೇಲಕ್ಕನ ಕೋಣೆಯಲ್ಲಿ.

"ನನ್ನನ್ನ ಎರಡು ಸಲ ಸಾಯಿಸಿದಾಳೆ ತಾಯಿ," ಎಂದಳು ಮುದುಕಿ, ಸೊಸೆಯತ್ತ ಗದ್ದ ತೋರಿಸಿ.

"ಅತ್ತೆ, ಸುಮ್ಮನಿರಿ."

"ಯಾಕೆ ಸುಮ್ಮನಿರಲಿ, ಸತ್ತೋಳು ನಾನು ತಾನೇ? ಮೊದಲ್ನೇ ಸಲ ಡಿಪೋದವರು ನಾಲ್ಕು ದಿನ ರಜೆ ಕೊಟ್ರಂತೆ. ಎರಡನೇ ಸಲ, ಏನಮ್ಮ, ಹೋದ ವರ್ಷವೇ ತಾಯಿ ತೀರ್ಕೊಂಡ್ರಲ್ಲ ಅಂದ್ರಂತೆ. ಇವಳು ಬಿಟ್ಟಾಳಾ? ಅದು ಹೆತ್ತ ತಾಯಿ, ಇದು ಸಾಕಿದ ತಾಯಿ ಅಂದಳು. ಸಾಕಿದ್ದಕ್ಕೆ ಎರಡೇ ದಿನ. ನೋಡಿ, ಬರ್ತಾ ಬರ್ತಾ ನನ್ನ ಬೆಲೆ ಹೇಗೆ ಇಳೀತು!"

ಸೊಸೆ ನಗಬಾರದೆಂದುಕೊಂಡರೂ ನಕ್ಕಳು. ನಗು ನಿಂತ ಮೇಲೆ, "ಇನ್ನೇನು ಮಾಡ್ಲಿ ಅಕ್ಕ? ಕೆಲಸ ಹೋದ್ರೆ ಮನೆಗೆ ಬಂದು ಕೂರ್ತಾರೆ. ಕೂತ್ರೆ ಇನ್ನೂ ಕುಡೀತಾರೆ," ಎಂದಳು.

ಆಮೇಲಕ್ಕ ಅವಳನ್ನು ತಪ್ಪಿತಸ್ಥೆ ಎನ್ನಲಿಲ್ಲ. ಕುಡುಕನ ಮನೆಯಲ್ಲಿ ಎಲ್ಲರಿಗೂ ಒಂದೊಂದು ಕೆಲಸ ತಾನಾಗಿ ಹಂಚಿಕೆಯಾಗುತ್ತದೆ. ಅವನು ಕುಡಿಯುತ್ತಾನೆ, ಉಳಿದವರು ಅದರ ಗುರುತು ಒರೆಸುತ್ತಾರೆ. ಒರೆಸುವುದು ಪ್ರೀತಿಯಿಂದಲೇ. ಆದರೆ ಬೆಳಿಗ್ಗೆ ಎದ್ದಾಗ ನೆಲ ಸ್ವಚ್ಛವಾಗಿದ್ದರೆ ಚೆಲ್ಲಿದವನಿಗೆ ತಾನು ಚೆಲ್ಲಿದ್ದು ಹೇಗೆ ಗೊತ್ತಾಗಬೇಕು? ಇದನ್ನು ಅವಳು ಭಾಷಣ ಮಾಡಿ ಹೇಳುವುದಿಲ್ಲ, ಅಭ್ಯಾಸ ಮಾಡಿಸುತ್ತಾಳೆ. ಎರಡು ಕುರ್ಚಿಗಳನ್ನು ಬೆನ್ನಿಗೆ ಬೆನ್ನು ತಾಗಿಸಿ ಇಟ್ಟು, ಮನೆಯವರ ಕೈಗೆ ಒಂದು ಕೆಟ್ಟ ಫೋನು ಕೊಟ್ಟು, ತಾನು ಆ ಕಡೆಯ ಅಧಿಕಾರಿಯಾಗಿ ಮಾತಾಡುತ್ತಾಳೆ.

"ಹಲೋ, ಡಿಪೋದಿಂದ. ಡ್ರೈವರ್ ಎಲ್ಲಿ?"

"ಅವರಿಗೆ ಜ್ವರ ಸಾರ್," ಎಂದಳು ಹೆಂಡತಿ, ಉಸಿರು ಬಿಟ್ಟಷ್ಟು ಸಲೀಸಾಗಿ.

"ಏನು ಹೇಳ್ಬೇಕು ಅಂತ ಮಾತಾಡಿದ್ವಿ?"

"ಮನೇಲಿದಾರೆ, ಕೊಡ್ತೀನಿ, ಅವರನ್ನೇ ಕೇಳಿ."

"ಅಷ್ಟೇ. ಇನ್ನೊಂದು ಸಲ. ಹಲೋ, ಡ್ರೈವರ್ ಎಲ್ಲಿ?"

"ಮನೇಲಿದಾರೆ ಸಾರ್… ಸ್ವಲ್ಪ ಜ್ವರ."

ಮುದುಕಿ ಹಣೆ ಚಚ್ಚಿಕೊಂಡಳು. "ಬಿಡಿ ತಾಯಿ, ಇವಳಿಗೆ ಸುಳ್ಳು ಬಿಡಿಸೋದಕ್ಕಿಂತ ಅವನಿಗೆ ಕುಡಿತ ಬಿಡಿಸೋದು ಸುಲಭ." ಅಭ್ಯಾಸ ಹಲವು ವಾರ ನಡೆಯಿತು.

ಡ್ರೈವರನಿಗೂ ಆಮೇಲಕ್ಕ ಮೊದಲ ದಿನವೇ ಒಂದು ಮಾತು ಹೇಳಿಟ್ಟಿದ್ದಳು. ಅದು ಅವಳ ವೃತ್ತಿಯ ಕಟ್ಟಳೆ, ಎಲ್ಲರಿಗೂ ಹೇಳುತ್ತಾಳೆ. "ನೀವಿಲ್ಲಿ ಹೇಳಿದ್ದು ಈ ಗೋಡೆ ದಾಟಲ್ಲ. ಆದ್ರೆ ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಅಂದ್ರೆ ದಾಟುತ್ತೆ. ಕುಡಿದು ಬಸ್ ಹತ್ತಿದ್ದು ಗೊತ್ತಾದ್ರೆ ಡಿಪೋಗೆ ನಾನೇ ಫೋನ್ ಮಾಡ್ತೀನಿ. ಮುಂಚೆನೇ ಹೇಳ್ತಿದೀನಿ, ಮೋಸ ಮಾಡಿದ್ರು ಅನ್ಬೇಡಿ."

"ಒಳ್ಳೆ ಸಹವಾಸ ಆಯ್ತು ನಿಮ್ದು," ಎಂದಿದ್ದ ಅವನು.

ವಾರ್ಡಿನಿಂದ ಹೊರಬಂದವನು ಚೆನ್ನಾಗಿಯೇ ಇದ್ದ. ಪ್ರತಿ ವಾರ ತಪ್ಪದೆ ಕೇಂದ್ರಕ್ಕೆ ಹೋಗಬೇಕೆಂಬ ಷರತ್ತಿನ ಮೇಲೆ ಡಿಪೋ ಅವನಿಗೆ ಬಸ್ಸು ಮರಳಿ ಕೊಟ್ಟಿತ್ತು. ಮಳೆಗಾಲ ಕಳೆಯಿತು, ಚಳಿ ಕಳೆಯಿತು. ಒಂದು ಭಾನುವಾರ ಡಿಪೋದ ಹಳೆಯ ಮೆಕ್ಯಾನಿಕ್ ಒಬ್ಬನ ನಿವೃತ್ತಿಯ ಊಟ. ಅಲ್ಲಿಗೆ ಹೋಗುವ ಮುಂಚೆ ಏನೇನು ಆಗಬಹುದು, ಯಾರ ಪಕ್ಕ ಕೂರಬೇಕು, ಯಾವಾಗ ಎದ್ದು ಬರಬೇಕು ಎಂದೆಲ್ಲ ಆಮೇಲಕ್ಕನೊಂದಿಗೆ ಮಾತಾಡಿಯೇ ಹೋಗಿದ್ದ. ಸರಿಯಾದವನ ಪಕ್ಕವೇ ಕೂತಿದ್ದ. ಆದರೂ ಕುಡಿದ.

ಸೋಮವಾರ ಬೆಳಕು ಹರಿಯುವ ಮುಂಚೆ ಸ್ನಾನ ಮಾಡಿ ಸಮವಸ್ತ್ರ ತೊಟ್ಟು ಬಾಯಲ್ಲಿ ಲವಂಗ ಹಾಕಿಕೊಂಡು ಹೊರಟು ನಿಂತಿದ್ದ. ಹೆಂಡತಿ ಹತ್ತಿರ ಹೋಗಿ ಮೂಸಿ ನೋಡಿದಳು.

"ಏನೂ ಇಲ್ಲ, ಸರಿಯಾಗಿದೀನಿ," ಎಂದ.

"ಕೈ ಚಾಚಿ."

ಚಾಚಿದ. ಬೆರಳುಗಳು ನಿಲ್ಲಲಿಲ್ಲ. ಮುದುಕಿ ಹೋಗಿ ಹೊಸ್ತಿಲ ಮೇಲೆ ಕೂತಳು. "ನನ್ನನ್ನ ದಾಟ್ಕೊಂಡು ಹೋಗು ನೋಡೋಣ."

ಅವನು ಹೋಗಲಿಲ್ಲ. ಸಮವಸ್ತ್ರದಲ್ಲೇ ಗೋಡೆಗೊರಗಿ ಕೂತ. "ಹಾಗಾದ್ರೆ ಜ್ವರ ಅಂತ ಹೇಳಿಬಿಡು," ಎಂದ.

ಹೆಂಡತಿ ಆಮೇಲಕ್ಕನಿಗೆ ಫೋನು ಮಾಡಿದಳು.

"ಅಕ್ಕ, ಕುಡಿದಿದಾರೆ."

"ಬಸ್ಸು?"

"ಹತ್ತಲ್ಲ. ಅತ್ತೆ ಬಾಗಿಲಲ್ಲಿ ಕೂತಿದಾರೆ."

"ಒಳ್ಳೇದು. ಆಮೇಲೆ?"

"ಆಮೇಲೆ ಏನು ಅಕ್ಕ! ಈಗ ಡಿಪೋದಿಂದ ಫೋನ್ ಬರುತ್ತೆ. ಒಂದೇ ಒಂದು ಸಲ ಜ್ವರ ಅಂದ್ಬಿಡ್ತೀನಿ. ಯಾರಿಗೂ ತೊಂದ್ರೆ ಇಲ್ಲ, ಬಸ್ಸು ಬೇರೆಯವರು ತಗೊಂಡು ಹೋಗ್ತಾರೆ. ನಿಜ ಹೇಳಿದ್ರೆ ಅವರ ಕೈಯಿಂದ ಸ್ಟೇರಿಂಗೇ ಹೋಗುತ್ತೆ. ನಾಳೆಯಿಂದ ಸರಿ ಹೋಗ್ತಾರೆ. ಹೂಂ ಅನ್ನಿ."

ಹೆಂಡತಿಯ ವಾದದಲ್ಲಿ ಹುಳುಕು ಇರಲಿಲ್ಲ. ಆ ಒಂದು ಬೆಳಿಗ್ಗೆಯ ಮಟ್ಟಿಗೆ ಸುಳ್ಳಿನಿಂದ ಯಾರ ಪ್ರಾಣಕ್ಕೂ ಕುತ್ತಿರಲಿಲ್ಲ, ನಿಜದಿಂದ ಒಂದು ಮನೆಯ ಅನ್ನಕ್ಕೆ ಕುತ್ತಿತ್ತು.

"ಕುಡಿದದ್ದು ನೀವಲ್ಲ," ಎಂದಳು ಆಮೇಲಕ್ಕ. "ಏನು ಹೇಳ್ಬೇಕು ಅಂತ ನಾನು ಹೇಳಿಕೊಡಲ್ಲ. ಫೋನ್ ಯಾರಿಗೆ ಬಂದಿದೆಯೋ ಅವರ ಕೈಗೆ ಕೊಡಿ."

"ಅವರೇ ಜ್ವರ ಅಂದ್ರೆ?"

"ಅದು ಅವರ ಸುಳ್ಳು. ಅದನ್ನ ಅವರೇ ಹೊರ್ಲಿ."

"ನಿಮಗೇನು ಅಕ್ಕ, ನಿಮ್ಮ ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತೆ," ಎಂದು ಹೆಂಡತಿ ಫೋನಿಟ್ಟಳು.

ಸ್ವಲ್ಪ ಹೊತ್ತಿಗೆ ಡಿಪೋ ಮ್ಯಾನೇಜರ್ ಕರೆ ಮಾಡಿದ.

"ಮನೇಲಿದಾರೆ ಸಾರ್, ಕೊಡ್ತೀನಿ," ಎಂದು ಹೆಂಡತಿ ಫೋನು ಚಾಚಿದಳು. ಡ್ರೈವರ್ ಕೈ ಆಡಿಸಿ ಬೇಡವೆಂದ. ತುಟಿಯಲ್ಲೇ 'ಜ್ವರ' ಎಂದು ತೋರಿಸಿದ.

"ಏನಮ್ಮ, ಜ್ವರಾನಾ?" ಫೋನಿನಿಂದಲೇ ಕೇಳಿತು.

ಹೆಂಡತಿಗೆ 'ಹೌದು' ಬಾಯಿಯವರೆಗೆ ಬಂದಿತ್ತು. ನುಂಗಿದಳು. "ಜ್ವರ ಇಲ್ಲ ಸಾರ್."

"ಮತ್ತೆ? ಅವರ ತಾಯಿ ಏನಾದ್ರೂ…"

"ಬದುಕಿದೀನಿ ಅಂತ ಹೇಳು!" ಹೊಸ್ತಿಲಿನಿಂದ ಮುದುಕಿ ಕೂಗಿದಳು.

ಮ್ಯಾನೇಜರನ ದನಿ ತಗ್ಗಿತು. ಹಿಂದಿನ ಜ್ವರಗಳನ್ನೆಲ್ಲ ಅವನು ನಂಬಿದ್ದನೆಂದೇ ಆ ಮನೆಯವರು ತಿಳಿದಿದ್ದರು. "ನೋಡಮ್ಮ, ನಿಮ್ಮ ಜ್ವರಗಳ ನಿಜ ನನಗೆ ಇವತ್ತಲ್ಲ, ಎಂದಿನಿಂದಲೋ ಗೊತ್ತು. ಜ್ವರ ಅಂತಾನೇ ಬರ್ಕೋತೀನಿ. ನಿಮಗೂ ನೆಮ್ಮದಿ, ನನಗೂ ನೆಮ್ಮದಿ. ಬೇರೆ ಏನಾದ್ರೂ ಬರೆದ್ರೆ ತನಿಖೆ, ಹೇಳಿಕೆ, ಹಾಳುಮೂಳು, ನಾನು ಓಡಾಡಿ ಸಾಯ್ಬೇಕು. ಜ್ವರ ಅನ್ನಿ, ಮುಗೀತು."

ಇದನ್ನು ಆಮೇಲಕ್ಕ ಅಭ್ಯಾಸ ಮಾಡಿಸಿರಲಿಲ್ಲ. ಅಧಿಕಾರಿಯೇ ಸುಳ್ಳು ಬೇಡುತ್ತಾನೆಂದು ಬೆನ್ನಿಗೆ ಬೆನ್ನಿಟ್ಟ ಕುರ್ಚಿಗಳಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹೆಂಡತಿ ಫೋನನ್ನು ಗಂಡನ ತೊಡೆಯ ಮೇಲಿಟ್ಟು ಒಳಗೆ ಹೋದಳು. ಒಳಗೆ ಹೋಗಿ ಅತ್ತಳೆಂದು ನಾನು ಮೊದಲು ಬರೆದಿದ್ದೆ. ಅವಳು ತಿದ್ದಿಸಿದ್ದು ಇಲ್ಲಿಯೇ. ಅಳಲಿಲ್ಲ, ಹಾಲು ಉಕ್ಕುತ್ತಿತ್ತು, ಒಲೆ ಆರಿಸಲು ಹೋದೆ ಎಂದಳು.

ಫೋನು ಡ್ರೈವರನ ತೊಡೆಯ ಮೇಲೇ ಇತ್ತು. ಅದರೊಳಗಿಂದ "ಹಲೋ, ಹಲೋ" ಎನ್ನುವುದು ಕೇಳುತ್ತಿತ್ತು. ಎತ್ತಿಕೊಂಡ.

"ಸಾರ್, ನಾನೇ. ನಿನ್ನೆ ಕುಡಿದೆ. ಕೈ ನಡುಗ್ತಿದೆ. ಬಸ್ ತಗೊಳಲ್ಲ."

"ಬಾಯಿ ಮುಚ್ಚೋ ಮಾರಾಯ. ಜ್ವರ ಅನ್ನು."

"ಇಲ್ಲ ಸಾರ್. ಕುಡಿದದ್ದು ಅಂತಾನೇ ಬರ್ಕೊಳ್ಳಿ."

ಮ್ಯಾನೇಜರ್ ಬಯ್ಯುತ್ತಲೇ ಬರೆದುಕೊಂಡ. ತನಿಖೆ ಶುರುವಾಯಿತು. ಆಮೇಲಕ್ಕನಿಗೂ ಕರೆ ಬಂತು. ತನ್ನ ಬಗ್ಗೆ ಏನು ಹೇಳಬಹುದು, ಏನು ಹೇಳಬಾರದು ಎಂದು ಡ್ರೈವರ್ ಅವಳೊಂದಿಗೆ ಕೂತು ತೀರ್ಮಾನಿಸಿ ಸಹಿ ಮಾಡಿಕೊಟ್ಟ. ಅದನ್ನು ಮೀರಿ ಅವಳು ಒಂದು ಮಾತೂ ಆಡುವಂತಿರಲಿಲ್ಲ.

ತನಿಖೆ ನಡೆದದ್ದು ಡಿಪೋದ ಮೇಲಿನ ಕೋಣೆಯಲ್ಲಿ. ಹೊರಗೆ ಬಸ್ಸುಗಳು ಹಿಂದೆ ಮುಂದೆ ಹೊರಳುವ ಸದ್ದು. ತನಿಖಾಧಿಕಾರಿ ಕೆಟ್ಟವನಲ್ಲ, ಬೇಗ ಮುಗಿಸಬೇಕೆಂದಿದ್ದ.

"ಇಷ್ಟು ದಿನ ಚಿಕಿತ್ಸೆ ಕೊಟ್ಟಿದೀರಿ. ಇವನು ಇನ್ನು ಮುಂದೆ ಕುಡಿಯಲ್ಲ ಅಂತ ಒಂದು ಮಾತು ಹೇಳಿ, ಎಚ್ಚರಿಕೆ ಕೊಟ್ಟು ಬಿಟ್ಬಿಡ್ತೀವಿ."

"ಹಾಗೆ ಹೇಳಲಾರೆ."

"ಹಾಗಾದ್ರೆ ಕುಡೀತಾನೆ ಅಂತೀರಾ?"

"ಅದನ್ನೂ ಹೇಳಲಾರೆ. ನನಗೆ ಗೊತ್ತಿಲ್ಲ."

"ಮತ್ತೆ ನಿಮ್ಮನ್ನ ಕರೆಸಿದ್ದು ಯಾಕಮ್ಮ?"

"ಗೊತ್ತಿರೋದನ್ನ ಕೇಳಿ, ಹೇಳ್ತೀನಿ. ಪ್ರತಿ ವಾರ ಬಂದಿದಾರೆ. ಕುಡಿದ ದಿನ ತಾವೇ ಹೇಳಿದಾರೆ, ಬಸ್ ಹತ್ತಲಿಲ್ಲ. ಇದು ಮತ್ತೆ ಮತ್ತೆ ಮರುಕಳಿಸೋ ಕಾಯಿಲೆ. ಈಗ ಬಸ್ ಕೊಡಬೇಡಿ. ಕೆಲಸದಿಂದ ತೆಗೀಬೇಡಿ."

ಕೆಲಸದಿಂದ ತೆಗೆಯಲಿಲ್ಲ. ಬಸ್ಸು ಕಿತ್ತುಕೊಂಡು ಅವನನ್ನು ಬಸ್ಸು ತೊಳೆಯುವ ಶೆಡ್ಡಿಗೆ ಹಾಕಿದರು. ಸಂಬಳ ತಗ್ಗಿತು. ಸಮವಸ್ತ್ರದ ಬಣ್ಣ ಬದಲಾಯಿತು.

ಮೆಟ್ಟಿಲಿನಲ್ಲಿ ಹೆಂಡತಿ ಆಮೇಲಕ್ಕನನ್ನು ಅಡ್ಡಗಟ್ಟಿದಳು. "ಒಂದು ಮಾತು. ಒಂದೇ ಮಾತು ಹೇಳಿದ್ರೆ ಸಾಕಿತ್ತು. ನಿಮ್ಮ ಗಂಟೇನು ಹೋಗ್ತಿತ್ತು?"

"ಏನೂ ಹೋಗ್ತಿರ್ಲಿಲ್ಲ."

"ಮತ್ತೆ?"

"ಮತ್ತೇನಿಲ್ಲ. ಗೊತ್ತಿಲ್ಲದ್ದನ್ನ ಹೇಳಕ್ಕಾಗಲ್ಲ."

"ನನ್ನ ಬಾಯಿಂದ ಸುಳ್ಳು ಬಿಡಿಸಿ, ಅವರ ಬಾಯಿಂದ ನಿಜ ಹೇಳಿಸಿ, ಕೊನೆಗೆ ನಮ್ಮನ್ನ ನೀರಿಗೆ ತಳ್ಳಿದ್ರಿ," ಎಂದು ಇಳಿದುಹೋದಳು. ಮನೆಯವರ ದಿನಕ್ಕೆ ಬರುವುದನ್ನು ನಿಲ್ಲಿಸಿದಳು. ಕೇಂದ್ರದ ಮನೋವೈದ್ಯರಿಗೂ ಆಮೇಲಕ್ಕ ಸ್ವಲ್ಪ ಮೆತ್ತಗೆ ಹೇಳಬಹುದಿತ್ತು ಅನ್ನಿಸಿತ್ತು. "ಅವನ ಬಸ್ಸಲ್ಲಿ ನೀವು ಕೂರ್ತಿದ್ರಾ ಡಾಕ್ಟ್ರೇ, ಆವತ್ತು?" ಎಂದು ಅವಳು ಕೇಳಿದ್ದಕ್ಕೆ ಅವರು ಕನ್ನಡಕ ಒರೆಸಿಕೊಂಡರು. ಮನೆಯಲ್ಲಿ ಆಮೇಲಕ್ಕನ ಗಂಡ ಏನಾಯಿತೆಂದು ಕೇಳಲಿಲ್ಲ. ಕೇಳಿದರೂ ಉತ್ತರ ಸಿಗದೆಂಬುದನ್ನು ಮದುವೆಯಾದ ಮೊದಲ ವರ್ಷವೇ ಕಲಿತಿದ್ದ.

ಡ್ರೈವರ್ ಮಾತ್ರ ಬರುತ್ತಿದ್ದ. ಶೆಡ್ಡಿನಿಂದ ನೇರವಾಗಿ, ಒದ್ದೆ ಬೂಟಿನಲ್ಲಿ. ಹಳೆಯ ಜೊತೆಗಾರರು ಬಸ್ಸು ತಂದು ನಿಲ್ಲಿಸುತ್ತಾ, "ಏನಪ್ಪಾ, ದಿನವಿಡೀ ನೀರಲ್ಲೇ ಇರ್ತೀಯ," ಎಂದು ಅಣಕಿಸುತ್ತಿದ್ದರು. "ಹೌದು ಕಣೋ, ಬರೀ ನೀರು. ಏನೂ ಬೆರೆಸಿಲ್ಲ," ಎನ್ನುತ್ತಿದ್ದನಂತೆ. ಒಂದು ವಾರ ಬಂದು ಕೂತು ಏನೂ ಮಾತಾಡಲಿಲ್ಲ. ಹೊತ್ತು ಮುಗಿದಾಗ, "ತೊಳೆದ ಬಸ್ಸನ್ನ ಇನ್ನೊಬ್ಬ ಓಡಿಸ್ಕೊಂಡು ಹೋಗೋದು ನೋಡೋಕಾಗಲ್ಲ," ಎಂದ. "ಮುಂದಿನ ವಾರ ಇಲ್ಲಿಂದಲೇ ಶುರು ಮಾಡೋಣ," ಎಂದಳು ಆಮೇಲಕ್ಕ.

ಮುಂದಿನ ವರ್ಷ ಅವನು ಬಸ್ಸು ಮರಳಿ ಕೊಡಿರೆಂದು ಅರ್ಜಿ ಹಾಕಿದ. ಅದೇ ಕೋಣೆ, ಅದೇ ತನಿಖಾಧಿಕಾರಿ, ಪಕ್ಕದಲ್ಲಿ ಮ್ಯಾನೇಜರ್. ಹೆಂಡತಿಯೂ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದಳು.

"ಈಗಲಾದ್ರೂ ಭರವಸೆ ಕೊಡ್ತೀರಾ?" ತನಿಖಾಧಿಕಾರಿ ಕೇಳಿದ.

"ನಾಳೆಯದ್ದು ಈಗಲೂ ಗೊತ್ತಿಲ್ಲ," ಎಂದಳು ಆಮೇಲಕ್ಕ. ಬೆಂಚಿನ ಮೇಲೆ ಹೆಂಡತಿ ಕಣ್ಣು ಮುಚ್ಚಿಕೊಂಡಳು. "ಆದ್ರೆ ಗೊತ್ತಾಗೋ ಹಾಗೆ ಮಾಡಬಹುದು. ನಿಮ್ಮ ಹತ್ರ ಊದಿಸಿ ನೋಡೋ ಯಂತ್ರ ಇದೆಯಲ್ಲ, ಹಬ್ಬಕ್ಕೊಂದು ಸಲ ಧೂಳು ಒರೆಸ್ತೀರಲ್ಲ, ಅದನ್ನ ದಿನಾ ಬೆಳಿಗ್ಗೆ ಊದಿಸಿ. ಆಮೇಲೆ ಕೀ ಕೊಡಿ. ಇವತ್ತು ಓಡಿಸಬಹುದಾ ಅಂತ ಅದು ಹೇಳುತ್ತೆ. ನಾಳೆಯದ್ದನ್ನ ನಾಳೆ ಊದಿಸಿ ಕೇಳಿ."

"ಒಬ್ಬನಿಗೇ ಊದಿಸಿದ್ರೆ ಅವಮಾನ ಅಲ್ವಾ?"

"ನನಗಿರಲಿ ಸಾರ್," ಎಂದ ಡ್ರೈವರ್. "ನನ್ನದನ್ನ ಈ ಡಿಪೋದಲ್ಲಿ ಯಾರೂ ಹೊಸದಾಗಿ ತಿಳ್ಕೊಬೇಕಿಲ್ಲ."

ಮ್ಯಾನೇಜರನಿಗೆ ಏನೋ ಹೊಳೆಯಿತು. "ಒಂದು ನಿಮಿಷ. ಯಂತ್ರದ ಬೀರುವಿನ ಕೀಲಿ ನನ್ನ ಹತ್ರ ಇರುತ್ತೆ. ಅಂದ್ರೆ ಮೊದಲ್ನೇ ಬಸ್ಸಿಗೆ ಮುಂಚೆ ದಿನಾ ನಾನೂ ಬರಬೇಕಾ?"

"ಬರಬೇಕಾಗುತ್ತೆ," ಎಂದಳು ಆಮೇಲಕ್ಕ.

"ನನಗೆ ಬೆಳಿಗ್ಗೆ ಬಿಪಿ…"

"ಅದಕ್ಕೆ ಮಾತ್ರೆ ಇದೆ ಸಾರ್," ಹಿಂದಿನ ಬೆಂಚಿನಿಂದ ಹೆಂಡತಿ ಹೇಳಿದಳು. "ನಮ್ಮ ಅಂಗಡೀಲೇ ಸಿಗುತ್ತೆ."

ತನಿಖಾಧಿಕಾರಿ ನಕ್ಕು ಸಹಿ ಹಾಕಿದ. ಮೊದಲ ಬಸ್ಸು ಅಲ್ಲ, ಹತ್ತಿರದ ಒಂದು ಚಿಕ್ಕ ಮಾರ್ಗ, ಅದೂ ಪರೀಕ್ಷೆಯ ಮೇಲೆ. ಡ್ರೈವರ್ ಆದೇಶವನ್ನು ಹಿಡಿದುಕೊಂಡು, ನಂಬಿಕೆಯಿಲ್ಲದವನಂತೆ ಅಲ್ಲೇ ನಿಂತಿದ್ದ.

ಕೆಳಗಿನ ಅಂಗಳದಲ್ಲಿ ಹೆಂಡತಿ ಆಮೇಲಕ್ಕನ ಹತ್ತಿರ ಬಂದಳು. ಕೃತಜ್ಞತೆ ಹೇಳಲು ಬಂದವಳ ಮುಖವಾಗಿರಲಿಲ್ಲ ಅದು.

"ನಿಮ್ಮ ಮೇಲೆ ನನಗೆ ಇನ್ನೂ ಸಿಟ್ಟಿದೆ."

"ಇರಲಿ."

"ಹೋದ ವರ್ಷವೇ ಈ ಊದೋ ಉಪಾಯ ಹೇಳಬಹುದಿತ್ತಲ್ಲ?"

"ಹೋದ ವರ್ಷ ಊದಿದ್ರೆ ದಿನಾ ಪಾಸಾಗ್ತಿರಲಿಲ್ಲ. ಒಂದು ವಾರ ಆಗ್ತಿದ್ರು, ಇನ್ನೊಂದು ವಾರ ಇಲ್ಲ."

ಅದು ಹೆಂಡತಿಗೂ ಗೊತ್ತಿದ್ದ ವಿಷಯವೇ. "ಮನೆಯವರ ದಿನ ಈಗಲೂ ಬುಧವಾರಾನಾ?"

"ಬುಧವಾರವೇ."

"ಸಿಟ್ಟಿಟ್ಕೊಂಡೇ ಬರ್ತೀನಿ."

"ಅಲ್ಲಿ ಬರೋರೆಲ್ಲ ಹಾಗೇನೇ ಬರೋದು," ಎಂದು ಆಮೇಲಕ್ಕ ತನ್ನ ಬಸ್ಸು ಹಿಡಿಯಲು ನಿಲ್ದಾಣದ ಕಡೆ ಹೊರಟಳು.